ಹೊಲದ ಕಲ್ಲು ಆರಿಸಲು ಎಂ.ಎ. ಯಾಕೆ?

ಸುರಪುರ ಕಡೆಯ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ಪುಣೆಯ ನಮ್ಮ ಕಚೇರಿ ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು ಸಪ್ಪಗೆ ಕುಳಿತಿದ್ದರು. ಬಿ.ಎಸ್ಸಿ. ಮುಗಿಸಿದ ಮಗಳು ಪುರಾತತ್ವದಲ್ಲಿ ಎಂ.ಎ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಅದರಲ್ಲೂ ಲ್ಯಾಂಡ್‌ಸ್ಕೇಪ್ ಆರ್ಕಿಯಾಲಜಿ, ಅಂದರೆ ಭೂದೃಶ್ಯ ಪುರಾತತ್ವ. ‘ಹೊಲದಾಗ ಕಲ್ಲು ಆರಿಸಾಕ ಎಂ.ಎ. ಓದಬೇಕೇನ್ರಿ?’ ಎಂದರು.

ನನಗೆ ನಗು ಬಂತು. ಅವರ ಊರಿನ ಆಚೀಚೆಯ ಹೊಲಗಳಲ್ಲಿ ಕಲ್ಲು ಆರಿಸಿಯೇ ಒಬ್ಬರು ವಿದ್ವತ್ ಲೋಕದಲ್ಲಿ ಹೆಸರಾದರು. ಹೋಗಿದ್ದೂ ಇದೇ ಪುಣೆಯ ಡೆಕ್ಕನ್ ಕಾಲೇಜಿನಿಂದ. ಪ್ರೊ. ಕೆ. ಪದ್ದಯ್ಯ ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ಓಡಾಡಿದರು. ಸುಮಾರು 500 ಚದರ ಕಿ.ಮೀ. ನೆಲದಲ್ಲಿ ಹಳೆ ಶಿಲಾಯುಗದ ಇನ್ನೂರರಷ್ಟು ತಾಣ ಗುರುತಿಸಿದರು. ‘ಇಲ್ಲಿ ಏನು ಸಿಕ್ಕಿತು’ ಎಂದಷ್ಟೇ ಕೇಳಿ ಸುಮ್ಮನಾಗಲಿಲ್ಲ. ಬೇಸಿಗೆಯಲ್ಲಿ ನೀರು ಎಲ್ಲಿತ್ತು? ಕಲ್ಲು ಎಲ್ಲಿಂದ ತಂದರು? ಬತ್ತದ ಒರತೆಗಳಿದ್ದ ಹಳ್ಳದ ಬದಿಯಲ್ಲಿ ಬೇಸಿಗೆಗೆ ಜನ ಗುಂಪುಗೂಡುತ್ತಿದ್ದರು, ಮಳೆ ಬಿದ್ದ ಮೇಲೆ ಕಣಿವೆ ತುಂಬ ಚದುರುತ್ತಿದ್ದರು ಎಂಬುದು ಅವರ ವಾದ. ಇಸಾಂಪುರದಲ್ಲಂತೂ ಸುಣ್ಣಕಲ್ಲಿನ ಚಪ್ಪಡಿ ಒಡೆದು ಆಯುಧ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಹಲ್ಲುಗಳ ಪರೀಕ್ಷೆ ಸುಮಾರು 12 ಲಕ್ಷ ವರ್ಷಗಳ ಹಿಂದಿನ ಕಾಲವನ್ನು ಸೂಚಿಸಿತು. ಗುಡಿ, ಕೋಟೆ, ಶಾಸನ ಹುಡುಕಿ ಹೋದವರ ಕಣ್ಣಿಗೆ ಇದೊಂದೂ ಬೀಳುವುದಿಲ್ಲ.

ಇಡೀ ನೆಲವನ್ನೇ ದಾಖಲೆಯಂತೆ ಓದುವುದು ಈ ವಿಷಯದ ಕೆಲಸ. ಅಗೆಯುವುದು ಕಡಿಮೆ, ನಡೆಯುವುದು ಜಾಸ್ತಿ. ಜಿಐಎಸ್, ಉಪಗ್ರಹ ಚಿತ್ರ, ಮಣ್ಣಿನ ಪದರ ಎಲ್ಲ ಕಲಿಯಬೇಕು. 1960ರ ದಶಕದಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ತೆಗೆದ ‘ಕೊರೊನಾ’ ಚಿತ್ರಗಳು (ಹೌದು, ಹೆಸರು ಅದೇ!) 1995ರಲ್ಲಿ ಬಹಿರಂಗವಾದವು. ಇತ್ತೀಚಿನ ಕಾಲುವೆ, ಬಡಾವಣೆಗಳು ಬರುವ ಮುಂಚಿನ ನೆಲ ಅವುಗಳಲ್ಲಿ ಕಾಣುತ್ತದೆ. ಆದರೆ ಚಿತ್ರದಲ್ಲಿ ಕಂಡ ಮಚ್ಚೆ ದಿಬ್ಬವೋ ದೊಡ್ಡಿಯೋ ತಿಳಿಯಲು ಸ್ಥಳಕ್ಕೇ ಹೋಗಬೇಕು, ಊರಿನ ಹಿರಿಯರನ್ನು ಕೇಳಬೇಕು. ಈ ಸೀಮೆಯಲ್ಲಿ ಕನ್ನಡದಲ್ಲಿ ಕೇಳಬೇಕು. ಬೂದಿಹಾಳದ ಹೆಸರಿನಲ್ಲೇ ಬೂದಿ ಇದೆ. ಅಲ್ಲಿ ಪದ್ದಯ್ಯನವರು ಉತ್ಖನನ ಮಾಡಿದಾಗ ನವಶಿಲಾಯುಗದವರ ದನದ ದೊಡ್ಡಿ, ಸುಟ್ಟ ಸಗಣಿಯ ಬೂದಿದಿಬ್ಬ, ದನ ಕಡಿಯುತ್ತಿದ್ದ ನೆಲ ಎಲ್ಲ ಹೊರಬಂದವು. ತೂಬು, ಕೋಡಿ, ಹಾಳೂರು ಅಂದರೇನೆಂದು ಹೊರಗಿನ ವಿದ್ಯಾರ್ಥಿ ನಿಘಂಟು ತೆರೆಯಬೇಕು. ಪುಣೆಯಲ್ಲೇ ಬೆಳೆದರೂ ಮನೆಯಲ್ಲಿ ಕನ್ನಡ ಆಡುವ ಹುಡುಗಿಗೆ ಆ ಕಷ್ಟವಿಲ್ಲ.

ಉದ್ಯೋಗದ ಮಾತು ಮುಚ್ಚಿಡಬಾರದು. ನಮ್ಮಲ್ಲಿ ಇದನ್ನು ಹೆಚ್ಚಾಗಿ ಪುರಾತತ್ವ ಎಂ.ಎ.ಯ ಒಳಗೇ ಕಲಿಸುತ್ತಾರೆ. ಮುಂದೆ ಪುರಾತತ್ವ ಸರ್ವೇಕ್ಷಣೆ, ರಾಜ್ಯದ ಇಲಾಖೆ, ಇಲ್ಲವೇ ನೆಟ್ ಪಾಸಾಗಿ ಅಧ್ಯಾಪನ. ಹುದ್ದೆ ಕಡಿಮೆ, ಕಾಯುವಿಕೆ ದೀರ್ಘ. ಜಿಐಎಸ್ ಚೆನ್ನಾಗಿ ಬಂದರೆ ಖಾಸಗಿಯಲ್ಲೂ ಹೊಟ್ಟೆಪಾಡಿಗೆ ದಾರಿಯಿದೆ. ಐಟಿ ಸಂಬಳದ ಲೆಕ್ಕ ಹಾಕುವವರು ಇತ್ತ ಬರದಿರುವುದೇ ಒಳ್ಳೆಯದು.

ಆದರೆ ಓದಬೇಕಾದ ನೆಲ ನಮಗಾಗಿ ಕಾಯುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಹುಣಸಗಿ ಸೀಮೆಯ ಹೊಲಗಳು ಸಮತಟ್ಟಾಗಿ ಭತ್ತದ ಗದ್ದೆಗಳಾಗಿವೆ. ಬೂದಿದಿಬ್ಬಗಳ ಬೂದಿ ಗೊಬ್ಬರವಾಗಿ ಹೋಗಿದೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡಗಳಿಗೆ ಕ್ವಾರಿಯ ಕಾಟ. ರೈತರನ್ನು ದೂರುವಂತಿಲ್ಲ, ನೀರು ಅವರ ಬದುಕು. ಗದ್ದೆಯಾಗುವ ಮುಂಚೆ ಬಂದು ನಡೆದು ಬರೆದಿಡುವವರು ಸಾಲದು, ಅಷ್ಟೆ.

ಹೊರನಾಡಿನ ಕನ್ನಡ ಸಂಘಗಳು ವರ್ಷವರ್ಷ ಪ್ರತಿಭಾ ಪುರಸ್ಕಾರ ಕೊಡುತ್ತವೆ. ಶಾಲು, ಫಲಕ, ಎಂಜಿನಿಯರಿಂಗ್–ಮೆಡಿಕಲ್ ಸೀಟು ಪಡೆದವರಿಗೆ ಚಪ್ಪಾಳೆ. ಆ ಶಾಲುಗಳ ದುಡ್ಡಿನಲ್ಲಿ ಪುರಾತತ್ವ ಓದುವ ಒಬ್ಬ ವಿದ್ಯಾರ್ಥಿಯ ಕ್ಷೇತ್ರಕಾರ್ಯದ ಬಸ್ಸು, ಊಟ, ವಸತಿ ನೋಡಿಕೊಳ್ಳಬಹುದು. ಈ ವರ್ಷದ ಸಭೆಯಲ್ಲಿ ಯಾರಾದರೂ ಈ ಮಾತು ಎತ್ತಲಿ.

ಸಹೋದ್ಯೋಗಿ ಅಂದು ರಾತ್ರಿ ಮಗಳಿಗೆ ಊರ ಹೊಲಗಳ ಹೆಸರು ಬರೆಸಿದರಂತೆ. ಬೂದಿ ಹೊಲ, ದೊಡ್ಡಿ ಹೊಲ, ಹಾಳೂರ ಹೊಲ... ಎರಡು ನೆನಪಾಗದೆ ಊರಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿದ್ದಾರೆ. ಮರುದಿನ ಅರ್ಜಿ ಶುಲ್ಕ ಕಟ್ಟಿದರು.