ಮಕ್ಕಳು ನಮ್ಮ ಜಗಲಿಯಲ್ಲಿ, ಆಟದ ಲೆಕ್ಕ ಕಂಪನಿಯ ಬೀರುವಿನಲ್ಲಿ

ಊರೂರಲ್ಲೂ ಈಗ ಒಂದೇ ದೂರು. ಹುಡುಗ ಫೋನ್ ಕೆಳಗಿಡುತ್ತಿಲ್ಲ, ಬಿಜಿಎಂಐ, ಫ್ರೀ ಫೈರ್ ಅಂತ ಅದರಲ್ಲೇ ಮುಳುಗಿರುತ್ತಾನೆ, ಓದು ಹಾಳಾಯಿತು. ಶಾಲೆಗೆ ಹೋದರೆ ಮೇಷ್ಟ್ರು ಹೇಳುವುದು ಇದನ್ನೇ, ಅರಳಿಕಟ್ಟೆಯಲ್ಲಿ ಹಿರಿಯರು ಹೇಳುವುದೂ ಇದನ್ನೇ. ಆದರೆ ಅವನು ಯಾರ ಜೊತೆ ಆಡುತ್ತಾನೆ, ಸೋತ ಮೇಲೂ ಯಾಕೆ ಮತ್ತೆ ಒಳಗೆ ಹೋಗುತ್ತಾನೆ, ಎಷ್ಟು ದುಡ್ಡು ಹಾಕಿದ್ದಾನೆ ಎಂದು ಕೇಳಿ ನೋಡಿ. ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಗೊತ್ತಿರುವವರು ಒಬ್ಬರಿದ್ದಾರೆ, ಆಟ ನಡೆಸುವ ಕಂಪನಿಯವರು. ಯಾವ ನಿಮಿಷಕ್ಕೆ ಒಳಗೆ ಬಂದ, ಯಾವಾಗ ಹೊರಟ, ಏನು ಕೊಂಡ ಎಂಬುದೆಲ್ಲ ಅವರ ಸರ್ವರ್‌ನಲ್ಲಿ ದಾಖಲಾಗುತ್ತದೆ. ಡೇರಿಗೆ ಹಾಲು ಹಾಕುವವರಿಗೆ ನಮ್ಮ ಮಾತು ಬೇಗ ಅರ್ಥವಾದೀತು. ಫ್ಯಾಟ್ ಅಳೆಯುವ ಯಂತ್ರವೂ ಒಬ್ಬರದೇ, ಚೀಟಿಯೂ ಅವರ ಜೇಬಿನಲ್ಲೇ ಎಂದರೆ ಹಾಲು ಹಾಕಿದವರು ನಂಬುವುದು ಹೇಗೆ? ಆಟದ ಲೆಕ್ಕವನ್ನು ಆಡುವವರ ಹೆಸರು ತೆಗೆದು, ಕಂಪನಿಯ ಸಂಬಳ ತಿನ್ನದ ಸಂಶೋಧಕರಿಗೆ ತೋರಿಸಬೇಕು. ಇದು ನಮ್ಮ ವಾದ.

ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲೇ

ಫೋನಿನಲ್ಲಿ ಒಬ್ಬರೇ ಕೂತು ಆಡುವ ಆಟ ಬೇರೆ. ಸಾವಿರಾರು ಜನ ಒಂದೇ ಹೊತ್ತಿಗೆ ಒಳಗೆ ಹೋಗಿ ಓಡಾಡಿ, ಮಾತಾಡಿ, ಜಗಳವಾಡಿ, ಕೊಡುಕೊಳ್ಳುವ ಆಟದ ಊರು ಬೇರೆ. ಅದನ್ನೇ ವರ್ಚುವಲ್ ಜಗತ್ತು ಎನ್ನುತ್ತಾರೆ. ಇಂಥ ಜಗತ್ತುಗಳ ಮೂಲಪುರುಷ ಎನ್ನಬಹುದಾದ ‘ಮಡ್’ ಆಟವನ್ನು ಕಟ್ಟಿದ್ದು ಯಾವ ಕಂಪನಿಯೂ ಅಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಶಾ ಅದನ್ನು ಶುರು ಮಾಡಿದರು, ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಅದರಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರ. ಆಮೇಲೆ ದುಡ್ಡು ಬಂತು, ಕಂಪನಿಗಳು ಬೆಳೆದವು, ವಿಶ್ವವಿದ್ಯಾಲಯದವರು ಬಾಗಿಲ ಹೊರಗೆ ಉಳಿದರು.

ಹೊರಗೆ ನಿಂತೂ ಕೆಲವರು ಇಣುಕಿದರು. ಅಮೆರಿಕದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಎಡ್ವರ್ಡ್ ಕ್ಯಾಸ್ಟ್ರೊನೋವಾ 2001ರಲ್ಲಿ ‘ಎವರ್‌ಕ್ವೆಸ್ಟ್’ ಆಟದ ನೊರಾತ್ ಎಂಬ ಕಲ್ಪನೆಯ ದೇಶದ ಆರ್ಥಿಕತೆಯನ್ನು ಲೆಕ್ಕ ಹಾಕಿದರು. ಆಟದ ಸಾಮಾನುಗಳನ್ನು ಜನ ಹೊರಗೆ ನಿಜವಾದ ಡಾಲರಿಗೆ ಮಾರುತ್ತಿದ್ದರಲ್ಲ, ಆ ಬೆಲೆಯೇ ಅವರಿಗೆ ಆಧಾರ. ತಲಾ ಉತ್ಪನ್ನ 2,266 ಡಾಲರ್ ಎಂದು ಬಂತು. ಇಲ್ಲದ ದೇಶವೊಂದು ಲೋಕದ ಶ್ರೀಮಂತ ದೇಶಗಳ ಪಟ್ಟಿಯಲ್ಲಿ 77ನೇ ಸ್ಥಾನದಲ್ಲಿತ್ತು!

ಆಟದಲ್ಲಿ ಬಂದ ಸಾಂಕ್ರಾಮಿಕ

ಒಳಗೆ ನಡೆಯುವುದು ಹೊರಗಿನ ಬದುಕಿಗೆ ಎಷ್ಟು ಹತ್ತಿರ ಎಂಬುದಕ್ಕೆ 2005ರ ಸೆಪ್ಟೆಂಬರ್‌ನ ಘಟನೆಯೊಂದು ಸಾಕು. ಬ್ಲಿಝಾರ್ಡ್ ಕಂಪನಿಯ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟಕ್ಕೆ ಹಕ್ಕರ್ ಎಂಬ ಹೊಸ ರಾಕ್ಷಸನನ್ನು ಸೇರಿಸಿದರು. ಅವನ ಜೊತೆ ಕಾದಾಡಿದವರಿಗೆ ಒಂದು ರೋಗ ತಗಲುತ್ತಿತ್ತು, ಹತ್ತಿರ ಇದ್ದವರಿಗೂ ಅಂಟುತ್ತಿತ್ತು. ಅದು ಅವನ ಕೋಟೆಯೊಳಗೇ ಮುಗಿಯಬೇಕಿತ್ತು. ಆದರೆ ಆಟಗಾರರು ಸಾಕಿದ್ದ ಪ್ರಾಣಿಗಳ ಮೈಯಲ್ಲಿ ರೋಗ ಉಳಿದು, ಅವುಗಳ ಜೊತೆ ಪಟ್ಟಣಗಳಿಗೆ ಬಂತು.

ಬಲಶಾಲಿ ಆಟಗಾರರು ಹೇಗೋ ತಡೆದುಕೊಂಡರು, ಹೊಸಬರು ಬಂದಲ್ಲೇ ಸತ್ತರು. ಕೆಲವರು ಕಾಯಿಲೆಯವರಿಗೆ ಚಿಕಿತ್ಸೆ ಕೊಡಲು ನಿಂತರು. ಕೆಲವರು ಊರು ಬಿಟ್ಟು ಓಡಿದರು. ಕೆಲವರು ಬೇಕೆಂದೇ ಹರಡಿದರು. ಏನಾಗುತ್ತಿದೆ ನೋಡೋಣ ಎಂದು ಬಂದವರು ಅಂಟಿಸಿಕೊಂಡು ಹೋದರು. ಕಂಪನಿ ಕ್ವಾರಂಟೈನ್ ಮಾಡಲು ನೋಡಿತು, ಜನ ಕೇಳಲಿಲ್ಲ. ಕೊನೆಗೆ ಸರ್ವರ್ ರೀಸೆಟ್ ಮಾಡಬೇಕಾಯಿತು.

ಕೊರೋನಾ ಕಾಲದಲ್ಲಿ ಊರ ಹಾದಿಗೆ ಮುಳ್ಳು ಹಾಕಿದ್ದು, ಬೆಂಗಳೂರಿನಿಂದ ಬಂದವರನ್ನು ನೋಡಿ ದೂರ ಸರಿದದ್ದು, ಆದರೂ ಗುಂಪು ಸೇರಿದ್ದು ನೆನಪಿದೆಯಲ್ಲ? ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ಸಂಶೋಧಕರು 2007ರಲ್ಲೇ ಈ ಆಟದ ಘಟನೆಯ ಬಗ್ಗೆ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಬರೆದಿದ್ದರು. ರೋಗ ಬಂದಾಗ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಯಾರಿಗೂ ನೋವಾಗದ ಹಾಗೆ ಕಲಿಯಲು ಇಂಥ ಆಟಗಳು ನೆರವಾಗಬಹುದು ಎಂಬುದು ಅವರ ಮಾತು. ಆದರೆ ಅವರು ಬರೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕಂಪನಿಗೆ ಅದು ಸರಿಪಡಿಸಬೇಕಾದ ತಪ್ಪು, ವಿದ್ವಾಂಸರಿಗೆ ಅದು ಅಪರೂಪದ ಪಾಠ. ಇಬ್ಬರೂ ಮೊದಲೇ ಕೂತು ಮಾತಾಡಿದ್ದರೆ ಕಲಿಯಬಹುದಾಗಿದ್ದು ಇನ್ನೆಷ್ಟೋ.

ಬಾಗಿಲು ತೆರೆದಾಗ ಕಂಡದ್ದು

ಮುಂದೆ ಒಂದೆರಡು ಕಂಪನಿಗಳು ಬಾಗಿಲು ತೆರೆದವು. ‘ಎವರ್‌ಕ್ವೆಸ್ಟ್ 2’ ನಡೆಸುತ್ತಿದ್ದ ಸೋನಿ ಆನ್‌ಲೈನ್ ಎಂಟರ್‌ಟೈನ್‌ಮೆಂಟ್ ತನ್ನ ದಾಖಲೆಗಳನ್ನು ಡಿಮಿಟ್ರಿ ವಿಲಿಯಮ್ಸ್ ಅವರ ತಂಡಕ್ಕೆ ಕೊಟ್ಟಿತು. ಸುಮಾರು 7,000 ಆಟಗಾರರ ಅಧ್ಯಯನ ನಡೆಯಿತು. ಇವರೆಲ್ಲ ಹದಿಹರೆಯದ ಹುಡುಗರು ಎಂದು ಲೋಕ ನಂಬಿತ್ತು, ಸರಾಸರಿ ವಯಸ್ಸು 31 ಎಂದು ಗೊತ್ತಾಯಿತು. ಹೆಂಗಸರ ಸಂಖ್ಯೆ ಕಡಿಮೆ, ಆದರೆ ಆಡುವ ಹೊತ್ತು ಗಂಡಸರಿಗಿಂತ ಹೆಚ್ಚು. ಎಷ್ಟು ಹೊತ್ತು ಆಡುತ್ತೀರಿ ಎಂದು ಕೇಳಿದರೆ ಜನ ನಿಜಕ್ಕಿಂತ ಕಡಿಮೆ ಹೇಳುತ್ತಾರೆ ಎಂಬುದೂ ಬಯಲಾಯಿತು. ಬರೀ ಬಾಯಿಮಾತಿನ ಸರ್ವೆ ನಂಬಿದರೆ ಸಾಲದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಏಳು ಆಟಗಳ ಕಂಪನಿಗಳು ಮಾಹಿತಿ ಕೊಟ್ಟಿದ್ದವು. ಸುಮಾರು 39,000 ಆಟಗಾರರು ಒಪ್ಪಿ ಸೇರಿದ್ದರು. ಹೆಚ್ಚು ಹೊತ್ತು ಆಡಿದ್ದರಿಂದಲೇ ಮನಸ್ಸಿನ ನೆಮ್ಮದಿ ಕೆಟ್ಟಿತು ಎನ್ನಲು ಅವರಿಗೆ ಆಧಾರ ಸಿಗಲಿಲ್ಲ. ಆದರೆ ಇಷ್ಟಪಟ್ಟು ಆಡುವವರಿಗೂ, ಆಡಲೇಬೇಕು ಎಂಬ ಒತ್ತಡಕ್ಕೆ ಸಿಕ್ಕಿ ಆಡುವವರಿಗೂ ನೆಮ್ಮದಿಯಲ್ಲಿ ವ್ಯತ್ಯಾಸ ಕಂಡಿತು.

ಹಾಗಾದರೆ ನಮ್ಮ ಹುಡುಗರ ಚಿಂತೆ ಬಿಡಬಹುದೇ? ಬಿಡುವ ಹಾಗಿಲ್ಲ. ಆ ಅಧ್ಯಯನದಲ್ಲಿದ್ದವರು 18 ದಾಟಿದವರು. ಆ ಏಳು ಆಟಗಳಲ್ಲಿ ನಮ್ಮೂರ ಹುಡುಗರು ಆಡುವ ಬಿಜಿಎಂಐ ಇಲ್ಲ, ಫ್ರೀ ಫೈರ್ ಇಲ್ಲ. ಅಲ್ಲಿನ ಉತ್ತರವನ್ನು ತಂದು ಇಲ್ಲಿಗೆ ಅಂಟಿಸಲು ಬರುವುದಿಲ್ಲ. ನಮ್ಮ ಪ್ರಶ್ನೆಗೆ ಉತ್ತರ ನಮ್ಮ ಮಕ್ಕಳು ಆಡುವ ಆಟದ ಲೆಕ್ಕದಲ್ಲೇ ಸಿಗಬೇಕು.

ಎರಡೂ ಕಡೆ ಕೊರತೆ

ಕಂಪನಿಗಳ ಅಂಜಿಕೆ ಪೂರ್ತಿ ಸುಳ್ಳಲ್ಲ. ಯಾರು ಎಲ್ಲಿ ದುಡ್ಡು ಹಾಕುತ್ತಾರೆ ಎಂಬುದು ಅವರ ವ್ಯಾಪಾರದ ಗುಟ್ಟು. ಆಟಗಾರರ ಖಾಸಗಿ ಮಾಹಿತಿ ಸೋರಿದರೆ ಹೊಣೆ ಅವರದೇ. ವಿದ್ವಾಂಸರ ಕಡೆಯೂ ತಪ್ಪಿದೆ. ಅವರ ಪ್ರಬಂಧ ಅಚ್ಚಾಗುವ ಹೊತ್ತಿಗೆ ಆಟವೇ ಬದಲಾಗಿರುತ್ತದೆ, ಅವರ ಭಾಷೆ ಆಟ ಕಟ್ಟುವವರಿಗೂ ಅರ್ಥವಾಗುವುದಿಲ್ಲ, ಹೆತ್ತವರಿಗಂತೂ ದೂರವೇ ಉಳಿಯಿತು. ಇನ್ನೊಂದು ಅಪಾಯವೂ ಇದೆ. ಕಂಪನಿ ಮನಸ್ಸು ಮಾಡಿದರೆ ಮಾತ್ರ ಮಾಹಿತಿ ಎಂದಾದರೆ, ಮುನಿಸಿಕೊಂಡಾರು ಎಂಬ ಭಯದಲ್ಲಿ ಸಂಶೋಧಕ ಕಹಿ ಮಾತು ಬರೆಯಲು ಹಿಂಜರಿದಾನು. ಉಂಡ ಮನೆಯ ಜಂತೆ ಎಣಿಸುವುದು ಕಷ್ಟ. ಅದಕ್ಕೇ ಇದನ್ನು ಕಂಪನಿಯ ಔದಾರ್ಯಕ್ಕೆ ಬಿಡದೆ ಕಾನೂನಿನಿಂದ ಮಾಡಬೇಕು ಎನ್ನುತ್ತಿದ್ದೇವೆ.

ನಮ್ಮ ದೇಶದಲ್ಲಿ ಆಗಿದ್ದೇನು? 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬಂದ್ ಆಯಿತು. 2021ರಲ್ಲಿ ಬಿಜಿಎಂಐ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ನಿಂತಿತು, 2023ರಲ್ಲಿ ಮತ್ತೆ ಬಂತು. ಪಬ್‌ಜಿ ನಿಲ್ಲಿಸಿದಾಗ ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ, ಮಾಹಿತಿಯ ಸುರಕ್ಷತೆ. ಮಕ್ಕಳಿಗೆ ಏನಾಗುತ್ತಿದೆ ಎಂಬುದು ಆ ಕಾರಣಗಳಲ್ಲಿ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು, ಅದು ಬೇಕಿತ್ತು. ಆದರೆ ಹುಡುಗರು ಹೊತ್ತು ಕಳೆಯುವ ಉಳಿದ ಆಟಗಳ ಲೆಕ್ಕ ಇನ್ನೂ ಬೀರುವಿನಲ್ಲೇ ಇದೆ.

ದಾರಿ ಇಲ್ಲದಿಲ್ಲ. ಯುರೋಪಿನ ಒಕ್ಕೂಟ 2022ರ ಡಿಜಿಟಲ್ ಸರ್ವಿಸಸ್ ಆಕ್ಟ್‌ನಲ್ಲಿ, ಬಹಳ ದೊಡ್ಡ ಜಾಲತಾಣಗಳು ಅರ್ಹ ಸಂಶೋಧಕರಿಗೆ ಮಾಹಿತಿ ಕೊಡಬೇಕು ಎಂದು ಬರೆದಿದೆ. ನಮ್ಮ 2023ರ ಡೇಟಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಮಕ್ಕಳ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎಂಬ ಮಾತೂ ಇದೆ. ಆದರೆ ಸಂಶೋಧಕ ಕೇಳಿದರೆ ಕಂಪನಿ ಕೊಡಲೇಬೇಕು ಎಂಬ ಮಾತಿಲ್ಲ. ಆ ಒಂದು ಸಾಲು ಸೇರಬೇಕು. ಬಂದ ಫಲಿತಾಂಶ ಕನ್ನಡದಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ ಓದಿ ಹೇಳುವಷ್ಟು ಸರಳವಾಗಿ ಸಿಗಬೇಕು.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದೂ ಒಂದಿದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಎಂದಿರುತ್ತದೆ. ಯಾವ ಆ್ಯಪ್ ಎಷ್ಟು ಹೊತ್ತು ನಡೆಯಿತು ಎಂದು ಅದು ತೋರಿಸುತ್ತದೆ. ಬೈಯದೆ, ಮಗನ ಪಕ್ಕದಲ್ಲಿ ಕೂತು ಇಬ್ಬರೂ ಒಟ್ಟಿಗೆ ನೋಡಿ. ಅದರಲ್ಲಿ ಹೊತ್ತು ಮಾತ್ರ ಕಾಣುತ್ತದೆ, ಯಾಕೆ ಆಡುತ್ತಾನೆ ಎಂಬುದನ್ನು ಅವನನ್ನೇ ಕೇಳಬೇಕು. ಮುಂದಿನ ಸಲ ಶಾಸಕರೋ ಸಂಸದರೋ ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಈ ಲೆಕ್ಕವನ್ನೂ ಕೇಳಿ.