ಕರ್ಣಫುಲಿಯಲ್ಲಿ ಈಜಿದವರನ್ನು ನಾವೇ ಯಾಕೆ ನೆನೆಯಬೇಕು?

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಮರೈನ್ ಇನ್ಶೂರೆನ್ಸ್ ಎಂಬ ಭಾಗ ಬರುತ್ತದೆ. ಹಡಗಿಗೆ ಒಂದು ವಿಮೆ, ಸರಕಿಗೆ ಒಂದು, ಸಾಗಣೆ ಬಾಡಿಗೆಗೆ ಇನ್ನೊಂದು. ಅದನ್ನು ಪಾಠ ಮಾಡುವಾಗ ಸರ್ ಒಂದು ಪ್ರಶ್ನೆ ಕೇಳಿದರು: "ಬಿರುಗಾಳಿ ಇಲ್ಲ, ಸಮುದ್ರ ಶಾಂತವಾಗಿದೆ, ಹಡಗು ಬಂದರಿನಲ್ಲಿ ಲಂಗರು ಹಾಕಿ ನಿಂತಿದೆ. ಅದು ಮುಳುಗಬಹುದೇ?" ನಾವೆಲ್ಲ ಒಟ್ಟಿಗೆ "ಇಲ್ಲ ಸರ್" ಎಂದೆವು. "ಹುಡುಕಿ ನೋಡಿ" ಎಂದು ಹೇಳಿ ಅವರು ಮುಂದಿನ ಪಾಠಕ್ಕೆ ಹೋದರು.

ನಾನು ಹುಡುಕಿದೆ. ನನಗೆ ಸಿಕ್ಕಿದ್ದು 1971ರ ಆಗಸ್ಟ್ 15-16ರ ರಾತ್ರಿ. ಸ್ಥಳ, ಆಗಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಬಂದರು. ಅಲ್ಲಿ ಕರ್ಣಫುಲಿ ನದಿ ಸಮುದ್ರಕ್ಕೆ ಸೇರುತ್ತದೆ. ಅಲ್-ಅಬ್ಬಾಸ್ ಮತ್ತು ಹೊರ್ಮುಜ್ ಎಂಬ ಎರಡು ದೊಡ್ಡ ಹಡಗುಗಳು ಸೈನ್ಯಕ್ಕೆ ಬೇಕಾದ ಸಾಮಾನು ಹೊತ್ತು ದಡದಲ್ಲಿ ನಿಂತಿದ್ದವು. ಆಚೆ ದಡದಿಂದ ಹುಡುಗರ ಗುಂಪೊಂದು ಸದ್ದಿಲ್ಲದೆ ನೀರಿಗಿಳಿಯಿತು. ಆಮ್ಲಜನಕದ ಸಿಲಿಂಡರ್ ಇಲ್ಲ. ಕಾಲಿಗೆ ಈಜುವ ರೆಕ್ಕೆ, ಸೊಂಟದಲ್ಲಿ ಒಂದು ಚಾಕು, ಎದೆಗೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಸುಮಾರು ಐದು ಕಿಲೋ ತೂಕದ ಲಿಂಪೆಟ್ ಮೈನ್. ಕಾವಲುಗಾರರ ಕಣ್ಣಿಗೆ ಬೀಳದಂತೆ ಮುಖ ಮಾತ್ರ ನೀರಿನ ಮೇಲಿಟ್ಟು ಈಜಿದರು. ಹಡಗಿನ ಹತ್ತಿರ ಬಂದ ಮೇಲೆ ಮುಳುಗಿ, ತಳಕ್ಕೆ ಅಂಟಿದ ಪಾಚಿ ಮತ್ತು ಚಿಪ್ಪುಗಳನ್ನು ಚಾಕುವಿನಿಂದ ಕೆರೆದು, ಕಬ್ಬಿಣಕ್ಕೆ ಮೈನ್ ಅಂಟಿಸಿದರು. ಅದರಲ್ಲಿ ಅಯಸ್ಕಾಂತವಿರುತ್ತದೆ. ನೀರಿನಲ್ಲಿ ನಿಧಾನವಾಗಿ ಕರಗುವ ಒಂದು ಬಿರಡೆಯೂ ಇರುತ್ತದೆ. ಬಿರಡೆ ಕರಗುವವರೆಗೆ ವಾಪಸು ಈಜಿ ಹೋಗಲು ಸಮಯ. ಆಮೇಲೆ ಸ್ಫೋಟ.

ಅದೇ ರಾತ್ರಿ ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್ ಬಂದರುಗಳಲ್ಲೂ ಹೀಗೇ ಆಯಿತು. ನಾಲ್ಕೂ ಕಡೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಹಡಗು, ದೋಣಿಗಳು ಮುಳುಗಿದವು ಅಥವಾ ಹಾಳಾದವು. ಇದಕ್ಕೆ ಆಪರೇಷನ್ ಜಾಕ್‌ಪಾಟ್ ಎಂದು ಹೆಸರು. ಸರ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ನನಗೆ ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ.

ಈಜಿದವರು ಯಾರು? ಹೆಚ್ಚಿನವರು ವಿದ್ಯಾರ್ಥಿಗಳು, ರೈತರ ಮಕ್ಕಳು. ನದಿಗಳ ನಾಡಿನಲ್ಲಿ ಹುಟ್ಟಿದವರು, ಆದ್ದರಿಂದ ಈಜು ಬರುತ್ತಿತ್ತು. ಅವರಿಗೆ ದಾರಿ ತೋರಿಸಿದವರು ಎಂಟು ಜನ ನೌಕಾ ಸೈನಿಕರು. ಈ ಎಂಟು ಜನ ಫ್ರಾನ್ಸಿನ ತುಲೋನ್ ಬಂದರಿನಲ್ಲಿ ಪಾಕಿಸ್ತಾನದ ಹೊಸ ಜಲಾಂತರ್ಗಾಮಿ ಮಂಗ್ರೋದಲ್ಲಿ ತರಬೇತಿ ಪಡೆಯುತ್ತಿದ್ದರು. ತಮ್ಮ ಊರಿನಲ್ಲಿ ತಮ್ಮದೇ ಸೈನ್ಯ ಜನರನ್ನು ಕೊಲ್ಲುತ್ತಿದೆ ಎಂಬ ಸುದ್ದಿ ಕೇಳಿ ಹಡಗು ಬಿಟ್ಟು ಹೊರಟರು. ಸ್ಪೇನ್ ಮುಟ್ಟಿ, ಅಲ್ಲಿಂದ ಭಾರತಕ್ಕೆ ಬಂದರು. ಭಾರತದ ನೌಕಾಪಡೆಯವರ ಜೊತೆ ಸೇರಿ ಭಾಗೀರಥಿ ನದಿಯ ದಂಡೆಯಲ್ಲಿ ಹುಡುಗರಿಗೆ ತರಬೇತಿ ಕೊಟ್ಟರು. ಆ ಜಾಗದ ಹೆಸರು ಪ್ಲಾಸಿ. ಹೈಸ್ಕೂಲಿನಲ್ಲಿ ನಾವು ಓದಿದ 1757ರ ಅದೇ ಪ್ಲಾಸಿ. ಗಂಟೆಗಟ್ಟಲೆ ನೀರಿನಲ್ಲಿ, ಮೈಗೆ ಇಟ್ಟಿಗೆ ಕಟ್ಟಿಕೊಂಡು ಈಜುವುದು ಅವರ ಅಭ್ಯಾಸ.

ದಾಳಿಯ ದಿನ ತಿಳಿಸಲು ವೈರ್‌ಲೆಸ್ ಸಂದೇಶ ಕಳಿಸಿದರೆ ಶತ್ರುವಿಗೆ ಗೊತ್ತಾಗುತ್ತದೆ. ಆದ್ದರಿಂದ ಆಕಾಶವಾಣಿಯ ಕಲ್ಕತ್ತಾ ಕೇಂದ್ರದಿಂದ ಎರಡು ಹಾಡು ಹಾಕಿಸಿದರು. ಪಂಕಜ್ ಮಲ್ಲಿಕ್ ಹಾಡಿದ ಹಾಡು ಬಂದರೆ ಸಿದ್ಧರಾಗಿ ಎಂದು ಅರ್ಥ. ಗೊಂಬೆಯೊಂದು ಗಂಡನ ಮನೆಗೆ ಹೊರಟ ಹಾಡು ಬಂದರೆ ನೀರಿಗಿಳಿಯಿರಿ ಎಂದು ಅರ್ಥ. ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ಕಾದವರಿಗೆ ಮಾತ್ರ ಅದು ಯುದ್ಧದ ಆಜ್ಞೆ. ಊರಿಗೆಲ್ಲ ಅದು ಬರೀ ಹಾಡು.

ವಾಣಿಜ್ಯದ ವಿದ್ಯಾರ್ಥಿಯಾಗಿ ನಾನು ಇನ್ನೊಂದು ವಿಷಯ ಗಮನಿಸಿದೆ. ಅವರು ಬಂದರನ್ನೇ ಯಾಕೆ ಆರಿಸಿಕೊಂಡರು? ಪಾಕಿಸ್ತಾನದ ಎರಡು ಭಾಗಗಳ ನಡುವೆ ಭಾರತವಿತ್ತು. ಬಂದೂಕು, ಮದ್ದುಗುಂಡುಗಳ ಭಾರೀ ಸಾಮಾನು ಹಡಗಿನಲ್ಲೇ ಬರಬೇಕು. ದೇಶಕ್ಕೆ ವಿದೇಶಿ ಹಣ ತರುತ್ತಿದ್ದ ಸೆಣಬು ಪೂರ್ವದಲ್ಲೇ ಬೆಳೆದು ಅದೇ ಬಂದರುಗಳಿಂದ ಹೊರಗೆ ಹೋಗಬೇಕು. ಅಂದರೆ ಕೊಲ್ಲುವ ಸಾಮಾನು ಒಳಗೆ ಬರುವ ಬಾಗಿಲೂ, ಅದನ್ನು ಕೊಳ್ಳುವ ಹಣ ಬರುವ ಬಾಗಿಲೂ ಒಂದೇ. ಆ ಬಾಗಿಲಿಗೆ ಅವರು ಕೈ ಹಾಕಿದರು. ಹಡಗುಗಳು ಮುಳುಗಿದ ಮೇಲೆ ವಿದೇಶಿ ಕಂಪನಿಗಳು ಅಲ್ಲಿಗೆ ಹಡಗು ಕಳಿಸಲು ಹಿಂಜರಿದವು. ನಮ್ಮ ಪುಸ್ತಕದಲ್ಲಿ "ರಿಸ್ಕ್" ಎಂದು ನಾಲ್ಕು ಸಾಲಿನಲ್ಲಿ ಇರುವುದು ಅಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿತು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಅವರು ಯಾರಿಂದ ತಮ್ಮ ಜನರನ್ನು ಉಳಿಸಲು ಈಜಿದರು?

1948ರ ಮಾರ್ಚ್‌ನಲ್ಲಿ ಜಿನ್ನಾ ಢಾಕಾಕ್ಕೆ ಬಂದು ಪಾಕಿಸ್ತಾನದ ರಾಷ್ಟ್ರಭಾಷೆ ಉರ್ದು ಮಾತ್ರ ಎಂದು ಸಾರಿದರು. ದೇಶದ ಅರ್ಧಕ್ಕಿಂತ ಹೆಚ್ಚು ಜನರ ಮಾತು ಬಂಗಾಳಿಯಾಗಿತ್ತು. 1952ರ ಫೆಬ್ರವರಿ 21ರಂದು ಅದನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಹೆಸರು ಬರ್ಕತ್, ರಫೀಕ್, ಜಬ್ಬಾರ್, ಸಲಾಂ. ನಾವು ಪ್ರತಿ ವರ್ಷ ಮಾತೃಭಾಷಾ ದಿನ ಆಚರಿಸುತ್ತೇವಲ್ಲ, ಅದು ಈ ಹುಡುಗರಿಗೆ ಗುಂಡು ಬಿದ್ದ ದಿನ. ಯುನೆಸ್ಕೋ 1999ರಲ್ಲಿ ಅದನ್ನು ಆರಿಸಿದ್ದು ಇದಕ್ಕೇ. 1970ರ ಡಿಸೆಂಬರ್ ಚುನಾವಣೆಯಲ್ಲಿ ಶೇಖ್ ಮುಜೀಬುರ್ ರಹಮಾನ್ ಅವರ ಅವಾಮಿ ಲೀಗ್ ಪೂರ್ವದ 169 ಸ್ಥಾನಗಳಲ್ಲಿ 167 ಗೆದ್ದು ಇಡೀ ದೇಶದಲ್ಲಿ ಬಹುಮತ ಪಡೆಯಿತು. ಅಧಿಕಾರ ಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಸೈನ್ಯ ಬೀದಿಗಿಳಿಯಿತು. ಢಾಕಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ನುಗ್ಗಿತು. ಹಿಂದೂ ವಿದ್ಯಾರ್ಥಿಗಳಿದ್ದ ಜಗನ್ನಾಥ್ ಹಾಲ್‌ನಲ್ಲಿ ಮಲಗಿದ್ದವರನ್ನು ಕೊಂದಿತು. ಪ್ರಾಧ್ಯಾಪಕರನ್ನು ಮನೆಯಿಂದ ಎಳೆದು ಕೊಂದಿತು. ಮುಂದಿನ ಒಂಬತ್ತು ತಿಂಗಳಲ್ಲಿ ಸತ್ತವರು 30 ಲಕ್ಷ ಎಂದು ಬಾಂಗ್ಲಾದೇಶ ಹೇಳುತ್ತದೆ, 3 ಲಕ್ಷದಿಂದ ಮೇಲೆ ಬೇರೆ ಬೇರೆ ಲೆಕ್ಕಗಳಿವೆ. ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿ ಬಂದರು. ಹಿಂದೂಗಳನ್ನು ಹುಡುಕಿ ಹುಡುಕಿ ಕೊಂದರು. ಬಂಗಾಳಿ ಮುಸ್ಲಿಮರನ್ನು ಪೂರ್ತಿ ಮುಸ್ಲಿಮರಲ್ಲ ಎಂದು ಕೊಂದರು.

ಇದನ್ನು ಓದಿದ ರಾತ್ರಿ ಮನೆಯಲ್ಲಿ ಅಬ್ಬಾಗೆ ಹೇಳಿದೆ. ಕಾಲೇಜಿನ ಪತ್ರಿಕೆಗೆ ಬರೆಯುತ್ತೇನೆ ಎಂದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯೇ ಸಬ್ ಕಾಯ್ಕು ಲಿಖ್ತೀ ಬೇಟಾ?" ಎಂದರು. ಇದನ್ನೆಲ್ಲ ಯಾಕೆ ಬರೀತೀಯಾ ಎಂದು. ಅವರ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಬಗ್ಗೆ ಕೆಟ್ಟದಾಗಿ ಮಾತಾಡಲು ಕಾಯುವವರಿಗೆ ನಾವೇ ಯಾಕೆ ಮಾತು ಒದಗಿಸಬೇಕು ಎಂಬುದು ಅವರ ಯೋಚನೆ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ಹೀಗೇ ಹೇಳುತ್ತಾರೆ.

ಆದರೆ ಅಬ್ಬಾಗೆ ನಾನು ಹೇಳದೇ ಇದ್ದ ಒಂದು ವಿಷಯವಿದೆ. ಕಳೆದ ವರ್ಷ ಟ್ಯೂಷನ್‌ನಲ್ಲಿ ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು: "ಬಾಂಗ್ಲಾದಲ್ಲಿ ನಿಮ್ಮವರು ಏನು ಮಾಡಿದ್ರು ಗೊತ್ತಾ?" ನನಗೆ ಗೊತ್ತಿರಲಿಲ್ಲ. ಮುಖ ಕೆಂಪಾಗಿ ಪುಸ್ತಕ ನೋಡುತ್ತ ಕುಳಿತೆ. ಗೊತ್ತಿಲ್ಲದೆ ಇದ್ದದ್ದರಿಂದ "ನಿಮ್ಮವರು" ಎಂಬ ಮಾತನ್ನು ಒಪ್ಪಿಕೊಂಡ ಹಾಗಾಯಿತು.

ಈಗ ಕೇಳಿದರೆ ಹೇಳಬಲ್ಲೆ. ನಮ್ಮವರು ಎಂದರೆ ಯಾರು? ಮಂಗ್ರೋ ಬಿಟ್ಟು ಬಂದವರ ಹೆಸರು ರಹಮತುಲ್ಲಾ, ಅಹಸಾನುಲ್ಲಾ, ಅಬಿದುರ್ ರಹಮಾನ್. ಚಿತ್ತಗಾಂಗ್ ತಂಡದ ನಾಯಕ ಅಬ್ದುಲ್ ವಾಹಿದ್ ಚೌಧರಿ. ಇವೆಲ್ಲ ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಇರಬಹುದಾದ ಹೆಸರುಗಳು. ಅವರು ಮುಳುಗಿಸಿದ ಹಡಗಿಗೂ ಅಲ್-ಅಬ್ಬಾಸ್ ಎಂದೇ ಹೆಸರು. ಹೆಸರು ನೋಡಿ ಯಾರು ಯಾವ ಕಡೆ ಎಂದು ಹೇಳಲು ಆಗುವುದಿಲ್ಲ. ಮಾಡಿದ ಕೆಲಸ ನೋಡಿ ಹೇಳಬೇಕು.

ಸೈನ್ಯದ ಜೊತೆ ನಿಂತ ಗುಂಪುಗಳ ಹೆಸರು ನೋಡಿ. ಒಂದು ರಜಾಕಾರ್. ಉರ್ದುವಿನಲ್ಲಿ ಅದರ ಅರ್ಥ ಸ್ವಯಂಸೇವಕ, ಒಳ್ಳೆಯ ಮಾತು. ಹೈದರಾಬಾದ್ ಕರ್ನಾಟಕದ ಹಿರಿಯರಿಗೆ 1948ರಲ್ಲೇ ಆ ಮಾತು ಭಯದ ಮಾತಾಗಿತ್ತು. ಬಂಗಾಳದಲ್ಲೂ ಹಾಗೇ ಆಯಿತು. ಇನ್ನೊಂದು ಗುಂಪು ಅಲ್-ಬದ್ರ್. ಬದ್ರ್ ಯುದ್ಧದ ಕಥೆ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಓದು ಬರಹ ಬಲ್ಲ ಕೈದಿಗಳು ಮದೀನಾದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಅವರ ಬಿಡುಗಡೆಯ ಬೆಲೆ ಎಂದು ಕೇಳಿದ್ದೇವೆ. ಆ ಹೆಸರು ಇಟ್ಟುಕೊಂಡ ಗುಂಪು 1971ರ ಡಿಸೆಂಬರ್‌ನಲ್ಲಿ, ಸೋಲು ಬಾಗಿಲಿಗೆ ಬಂದಾಗ, ಢಾಕಾದ ಪ್ರಾಧ್ಯಾಪಕರು, ವೈದ್ಯರು, ಪತ್ರಕರ್ತರನ್ನು ಮನೆಗಳಿಂದ ಎತ್ತಿಕೊಂಡು ಹೋಗಿ ಕೊಲ್ಲಲು ನೆರವಾಯಿತು. ಮೊದಲನೆಯ ಬದ್ರ್‌ನಲ್ಲಿ ಅಕ್ಷರ ಬಲ್ಲ ಶತ್ರುವಿಗೂ ಬಿಡುಗಡೆ. ಇಲ್ಲಿ ಅಕ್ಷರ ಕಲಿಸಿದ ಸ್ವಂತ ಮೇಷ್ಟರಿಗೆ ಸಾವು. ಇದನ್ನು ಬೇರೆಯವರು ಹೇಳಿದರೆ ಆರೋಪ ಎನಿಸಬಹುದು. ನಾವು ಹೇಳಿದರೆ ಅದು ನಮ್ಮ ಹೆಸರನ್ನು ವಾಪಸು ಕೇಳಿದಂತೆ.

ಹಾಗಾದರೆ ಉರ್ದು ತಪ್ಪಿತಸ್ಥ ಭಾಷೆಯೇ? ಅಲ್ಲ. ಫೈಜ್ ಅಹ್ಮದ್ ಫೈಜ್ ಮತ್ತು ಹಬೀಬ್ ಜಾಲಿಬ್ ಆ ರಕ್ತಪಾತದ ವಿರುದ್ಧ ಬರೆದದ್ದು ಉರ್ದುವಿನಲ್ಲೇ, ಪಾಕಿಸ್ತಾನದಲ್ಲೇ ಇದ್ದುಕೊಂಡು. ಭಾಷೆಯನ್ನೇ ತಪ್ಪಿತಸ್ಥ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲೇ ಉದಾಹರಣೆ ಇದೆ. ಬಿಹಾರಿಗಳು ಎಂದು ಕರೆಯುತ್ತಿದ್ದ ಉರ್ದು ಮಾತಾಡುವ ಜನ ಪೂರ್ವದಲ್ಲಿದ್ದರು. ಅವರಲ್ಲಿ ಹಲವರು ಸೈನ್ಯದ ಜೊತೆ ಸೇರಿದ್ದು ನಿಜ. ಆದರೆ ಏನೂ ಮಾಡದ ಸಾವಿರಾರು ಜನರನ್ನೂ ಆಗ ಕೊಂದರು, ಉಳಿದವರು ಢಾಕಾದ ಜಿನೀವಾ ಕ್ಯಾಂಪಿನಂಥ ಕಡೆ ದಶಕಗಟ್ಟಲೆ ಇಕ್ಕಟ್ಟಿನಲ್ಲಿ ಬದುಕಿದರು. 2008ರಲ್ಲಿ ಢಾಕಾ ಹೈಕೋರ್ಟ್ ಹೇಳಿದ ಮೇಲೆ ಅವರಿಗೆ ಪೌರತ್ವ ಸಿಕ್ಕಿತು. ಆ ಕ್ಯಾಂಪಿನಲ್ಲಿ ಹುಟ್ಟಿದ ನನ್ನ ವಯಸ್ಸಿನ ಹುಡುಗಿ 1971ರಲ್ಲಿ ಏನು ಮಾಡಿದ್ದಳು? ಅವಳಿಗೂ ಯಾರೋ "ನಿಮ್ಮವರು" ಎಂದಿರುತ್ತಾರೆ.

ನಮ್ಮ ನಾಡಿಗೂ ಈ ಕಥೆಗೂ ಒಂದು ನಂಟಿದೆ. ಈ ಕೊಲೆಗಳನ್ನು ಲೋಕಕ್ಕೆ ಸಾರಿದ ಪತ್ರಕರ್ತ ಆಂಥೋನಿ ಮಸ್ಕರೇನಸ್ ಹುಟ್ಟಿದ್ದು ಬೆಳಗಾವಿಯಲ್ಲಿ. ಗೋವಾ ಮೂಲದ ಕ್ರೈಸ್ತ ಕುಟುಂಬ, ಬೆಳೆದದ್ದು, ಕೆಲಸ ಮಾಡಿದ್ದು ಕರಾಚಿಯಲ್ಲಿ. ಸೈನ್ಯ 1971ರಲ್ಲಿ ಎಂಟು ಪತ್ರಕರ್ತರನ್ನು ಪೂರ್ವಕ್ಕೆ ಕರೆದುಕೊಂಡು ಹೋಯಿತು, ಎಲ್ಲ ಸರಿಯಾಗಿದೆ ಎಂದು ಬರೆಸಲು. ಮಸ್ಕರೇನಸ್ ಕಂಡದ್ದನ್ನು ಮುಚ್ಚಿಡಲಿಲ್ಲ. ಮೊದಲು ಹೆಂಡತಿ ಮಕ್ಕಳನ್ನು ದೇಶದಿಂದ ಹೊರಗೆ ಕಳಿಸಿ, ಆಮೇಲೆ ತಾವೂ ಹೊರಬಿದ್ದು, ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯಲ್ಲಿ ಜೂನ್ 13ರಂದು ಬರೆದರು. ತಲೆಬರಹ ಒಂದೇ ಪದ: ನರಮೇಧ. ತನ್ನ ದೇಶದ ಸೈನ್ಯದ ಬಗ್ಗೆ ಸತ್ಯ ಬರೆದರೆ ಜನ ಏನೆನ್ನುತ್ತಾರೋ ಎಂಬ ಭಯ ಅವರಿಗೂ ಇದ್ದಿರಬೇಕು. ಮನೆ, ಕೆಲಸ ಎಲ್ಲ ಬಿಟ್ಟು ಬರೆದರು. ಅವರ ಮುಂದೆ ನನ್ನ ಈ ಲೇಖನದ ಧೈರ್ಯ ಎಷ್ಟರದು!

ನಾನು ಎಲ್ಲರೂ ಬಾಂಬ್ ಹಿಡಿಯಬೇಕು ಎಂದು ಹೇಳುತ್ತಿಲ್ಲ. ಆ ಹುಡುಗರೂ ಮೊದಲು ಮತ ಹಾಕಿದ್ದರು, ಮೆರವಣಿಗೆ ಮಾಡಿದ್ದರು. ಅವೆರಡಕ್ಕೂ ಗುಂಡಿನ ಉತ್ತರ ಬಂದು, ಹಾಸ್ಟೆಲಿನಲ್ಲಿ ಮಲಗಿದವರೂ ಏಳದಂತಾದ ಮೇಲೆ ನೀರಿಗಿಳಿದರು. ನಮ್ಮ ಪಠ್ಯಪುಸ್ತಕಗಳಲ್ಲಿ 1971 ಎಂದರೆ ಡಿಸೆಂಬರ್ 3ರಿಂದ 16ರವರೆಗಿನ ಭಾರತ ಪಾಕಿಸ್ತಾನ ಯುದ್ಧ. ಅದಕ್ಕೆ ಮೊದಲೇ, ಮಳೆಗಾಲದ ಕತ್ತಲಲ್ಲಿ, ಎದೆಗೆ ಐದು ಕಿಲೋ ಕಟ್ಟಿಕೊಂಡು ಈಜಿದವರು ಆ ಪುಟದಲ್ಲಿಲ್ಲ.

ನನ್ನ ಕೋರಿಕೆ ಚಿಕ್ಕದು. ಬರುವ ಫೆಬ್ರವರಿ 21ರಂದು ನಮ್ಮ ಕಾಲೇಜಿನಲ್ಲಿ ಎಂದಿನಂತೆ ಕನ್ನಡ, ಉರ್ದು, ಬ್ಯಾರಿ ಹಾಡುಗಳಿರಲಿ. ಅವುಗಳ ಜೊತೆ ಹತ್ತು ನಿಮಿಷ, ಆ ದಿನ ಯಾಕೆ ಬಂತು, ಅದರಿಂದ 1971ರವರೆಗೆ ಏನಾಯಿತು ಎಂದು ಯಾರಾದರೂ ಹೇಳಲಿ. ಇತಿಹಾಸದ ಮೇಡಂ ಒಪ್ಪಿದರೆ ನಾನೇ ಹೇಳುತ್ತೇನೆ. ಗ್ರಂಥಾಲಯಕ್ಕೆ ಈ ವಿಷಯದ ಎರಡು ಪುಸ್ತಕ ತರಿಸಿದರೆ ಇನ್ನೂ ಒಳ್ಳೆಯದು.

ಅಬ್ಬಾಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಇದನ್ನು ಬರೆದು ಮುಗಿಸಿ ಅವರಿಗೆ ಉರ್ದುವಿನಲ್ಲಿ ಹೇಳಿದೆ. ಹಾಡಿನ ಸಂಕೇತದ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ಕೊನೆಗೆ "ಜಿನೀವಾ ಕ್ಯಾಂಪಿನ ಮಾತು ತೆಗೀಬೇಡ, ಅದೂ ಇರಲಿ" ಎಂದರು. ಯಾಕೆ ಬರೀತೀಯಾ ಎಂದು ಮತ್ತೆ ಕೇಳಲಿಲ್ಲ.

ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ