ಎರಡು ಇಂಟರ್‌ನೆಟ್ ಸಂಪರ್ಕವಿದ್ದೂ ಕೆಲಸ ನಿಂತಾಗ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಅನೇಕರು ಇಂದು ತಮ್ಮ ಕಾರ್ಖಾನೆಗೋ ಮಳಿಗೆಗೋ ಎರಡು ಇಂಟರ್‌ನೆಟ್ ಸಂಪರ್ಕಗಳನ್ನು ಪಡೆದಿದ್ದಾರೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂಬ ಮುನ್ನೆಚ್ಚರಿಕೆ ಯೋಗ್ಯವಾದುದೇ. ಆದರೆ ಎರಡನೆಯದನ್ನು ಕೊಂಡ ಮಾತ್ರಕ್ಕೆ ತೊಂದರೆ ತಪ್ಪುವುದಿಲ್ಲವೆಂಬುದನ್ನು ನಾನು ನಷ್ಟ ತೆತ್ತು ಕಲಿತಿದ್ದೇನೆ. ಆ ಅನುಭವವನ್ನೂ ಅದರಿಂದ ಹುಟ್ಟಿದ ಒಂದು ಬೇಡಿಕೆಯನ್ನೂ ಸದಸ್ಯ ಬಾಂಧವರ ಮುಂದಿಡಲು ಬಯಸುತ್ತೇನೆ.

ಬೆಳಗಾವಿಯ ಉದ್ಯಮಬಾಗ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಯಂತ್ರಭಾಗ ತಯಾರಿಕಾ ಘಟಕವಿದೆ. ದೊಡ್ಡ ಖರೀದಿದಾರ ಕಂಪನಿಯೊಂದಕ್ಕೆ ದರಪತ್ರ ಸಲ್ಲಿಸುವ ಕೊನೆಯ ದಿನ. ಮಧ್ಯಾಹ್ನ 3 ಗಂಟೆಗೆ ಅವಧಿ ಮುಗಿಯುವುದಿತ್ತು. ಕಡತಗಳನ್ನು ಏರಿಸತೊಡಗಿದೊಡನೆ ಜಾಲತಾಣವು ನಮ್ಮನ್ನು ಹೊರಹಾಕಿ ಪುನಃ ಲಾಗಿನ್ ಆಗುವಂತೆ ಸೂಚಿಸುತ್ತಿತ್ತು. ಹೀಗೆ ಏಳೆಂಟು ಬಾರಿ ಆಯಿತು. ಜಾಲತಾಣದ ಸಹಾಯವಾಣಿಯವರು ಉಳಿದವರಿಗೆಲ್ಲ ಸರಿಯಾಗಿದೆ ಎಂದರು. ಮೊದಲ ಸಂಪರ್ಕದವರು ತಮ್ಮ ತಂತಿ ಸರಿಯಿದೆ ಎಂದರು. ಎರಡನೆಯವರೂ ಅದನ್ನೇ ನುಡಿದರು. ಗಡಿಯಾರ 3 ದಾಟಿತು.

ಮೂವರೂ ಹೇಳಿದ್ದು ನಿಜವಾಗಿತ್ತು. ದೋಷವಿದ್ದದ್ದು ನಮ್ಮದೇ ಗೋಡೆಯ ಮೇಲಿನ ರೂಟರ್‌ನಲ್ಲಿ. ಅದು ಹೊರೆ ಹಂಚುವ ಬಗೆಯದು; ಪ್ರತಿಯೊಂದು ಹೊಸ ಸಂಪರ್ಕವನ್ನೂ ಸರದಿಯಂತೆ ಒಮ್ಮೆ ಈ ತಂತಿಗೆ, ಒಮ್ಮೆ ಆ ತಂತಿಗೆ ಕಳುಹಿಸುತ್ತಿತ್ತು. ಒಂದೇ ಹೆಸರಿನ ಗ್ರಾಹಕ ಕ್ಷಣಾರ್ಧದಲ್ಲಿ ಎರಡು ವಿಳಾಸಗಳಿಂದ ಬರುವುದನ್ನು ಕಂಡ ಜಾಲತಾಣ, ಯಾರೋ ಕಳ್ಳ ಪ್ರವೇಶಿಸಿರಬೇಕೆಂದು ಬಾಗಿಲು ಮುಚ್ಚಿತು. ಅನೇಕ ಬ್ಯಾಂಕುಗಳ ಜಾಲತಾಣಗಳೂ ಹೀಗೆಯೇ ವರ್ತಿಸಬಲ್ಲವು. ಒಂದು ಜಾಲತಾಣಕ್ಕೆ ಹೋಗುವುದೆಲ್ಲ ಒಂದೇ ತಂತಿಯಲ್ಲಿ ಹೋಗಲಿ ಎಂದು ರೂಟರ್‌ನಲ್ಲಿ ನಿಯಮ ಬರೆಯಲು ಹತ್ತು ನಿಮಿಷ ಸಾಕಾಯಿತು. ಆ ದಿನವೇ ಒಂದು ತಂತಿಯನ್ನು ಕಿತ್ತು ನೋಡಿದ್ದರೆ ದರಪತ್ರ ಹೋಗುತ್ತಿತ್ತು!

ಎರಡನೆಯ ಪ್ರಸಂಗ ಇದಕ್ಕಿಂತ ಸೂಕ್ಷ್ಮವಾದುದು. ನಾವು ಲೆಕ್ಕಪತ್ರಕ್ಕೆ ಬಳಸುವ ಸೇವೆಯೊಂದು ಒಂದು ತಂತಿಯಲ್ಲಿ ಚುರುಕಾಗಿಯೂ ಮತ್ತೊಂದರಲ್ಲಿ ವಾರಗಟ್ಟಲೆ ಮಂದವಾಗಿಯೂ ಇತ್ತು. ಎರಡರಲ್ಲಿಯೂ ವಿಳಾಸ ಒಂದೇ. ಇದಕ್ಕೆ ಕಾರಣ ಎನಿಕಾಸ್ಟ್ ಎಂಬ ವ್ಯವಸ್ಥೆ. ಯಾವ ಊರಿನಲ್ಲಿ 101 ಒತ್ತಿದರೂ ಆ ಭಾಗದ ಅಗ್ನಿಶಾಮಕ ಠಾಣೆಗೆ ಕರೆ ಹೋಗಬೇಕಷ್ಟೆ. ಅಂತೆಯೇ ಇಲ್ಲಿಯೂ ಒಂದೇ ಅಂತರಜಾಲ ವಿಳಾಸಕ್ಕೆ ಮುಂಬಯಿ, ಚೆನ್ನೈ, ಸಿಂಗಪುರಗಳಲ್ಲಿರುವ ಬೇರೆಬೇರೆ ಯಂತ್ರಗಳು ಉತ್ತರಿಸುತ್ತವೆ. ಆದರೆ ಕರೆ ಯಾವ ಠಾಣೆಗೆ ಹೋಗಬೇಕೆಂಬುದನ್ನು ಇಲ್ಲಿ ಕಿಲೋಮೀಟರ್ ನಿರ್ಧರಿಸುವುದಿಲ್ಲ. ಬಿಜಿಪಿ ಎಂಬ ಪದ್ಧತಿಯಲ್ಲಿ ಸೇವಾದಾರ ಕಂಪನಿಗಳು ತಮ್ಮತಮ್ಮ ವ್ಯಾಪಾರ ಒಪ್ಪಂದಗಳಿಗೆ ಅನುಗುಣವಾಗಿ ದಾರಿಯನ್ನು ಆರಿಸಿಕೊಳ್ಳುತ್ತವೆ. ಸರಕು ಸಮೀಪದ ಗೋದಾಮಿನಿಂದ ಬರದೆ, ಲಾರಿಯವನಿಗೆ ಬಾಡಿಗೆ ಒಪ್ಪಂದವಿರುವ ದೂರದ ಗೋದಾಮಿನಿಂದ ಬಂದಂತೆ.

ಆದ್ದರಿಂದಲೇ ಸಹಾಯವಾಣಿಯವರ ‘ನಮ್ಮಲ್ಲಿ ಸರಿಯಾಗಿದೆ’ ಎಂಬ ಉತ್ತರಕ್ಕೆ ಬೆಲೆಯಿಲ್ಲ. ಅವರ ಕರೆ ಒಂದು ಯಂತ್ರಕ್ಕೆ ಹೋಗುತ್ತದೆ, ನಮ್ಮದು ಇನ್ನೊಂದಕ್ಕೆ. ನಾವು ಎಲ್ಲಿಗೆ ತಲುಪುತ್ತಿದ್ದೇವೆ ಎಂಬುದನ್ನು ತೋರಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಅದಕ್ಕೆ ಇಂಜಿನಿಯರನಾಗಬೇಕಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಹೋಗಿಬರುವ ಲೆಕ್ಕದಲ್ಲಿ 1 ಮಿಲಿಸೆಕೆಂಡಿಗೆ 100 ಕಿ.ಮೀ. ದೂರ. ಪಿಂಗ್ ಆದೇಶಕ್ಕೆ ಒಂದು ತಂತಿಯಲ್ಲಿ 14 ಮಿಲಿಸೆಕೆಂಡಿನಲ್ಲಿ ಉತ್ತರ ಬಂದಿತು; ಅಂದರೆ ಯಂತ್ರವು 1,400 ಕಿ.ಮೀ. ಒಳಗೇ ಇದೆ, ಇದರಲ್ಲಿ ಸಂಶಯವಿಲ್ಲ. ಇನ್ನೊಂದರಲ್ಲಿ 90 ಬಂದಿತು. ತಡವಾದ ಮಾತ್ರಕ್ಕೆ ಯಂತ್ರ ದೂರದಲ್ಲಿದೆ ಎನ್ನಲಾಗದು, ದಟ್ಟಣೆಯೂ ಕಾರಣವಿರಬಹುದು. ಆದಕಾರಣ ಟ್ರೇಸ್‌ರೂಟ್ ಆದೇಶದಿಂದ ದಾರಿಯ ನಿಲ್ದಾಣಗಳನ್ನು ನೋಡಬೇಕು. ನಮ್ಮ ದಾರಿ ಚೆನ್ನೈ ದಾಟಿ ಸಿಂಗಪುರಕ್ಕೆ ಹೋಗುತ್ತಿತ್ತು. ನಿಲ್ದಾಣಗಳ ಹೆಸರಿನಲ್ಲಿ ಎಷ್ಟೋ ಬಾರಿ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತವಿರುವುದರಿಂದ ಊರನ್ನು ಗುರುತಿಸುವುದು ಸುಲಭ. ದಿನಾಂಕ, ವೇಳೆ, ಎರಡೂ ತಂತಿಗಳ ಅಂಕಿಗಳು, ಇಷ್ಟನ್ನು ಬರೆದಿಟ್ಟು ಕಳುಹಿಸಿದ ಮೇಲೆಯೇ ನಮ್ಮ ದೂರು ಸಹಾಯವಾಣಿಯ ಮೇಜನ್ನು ದಾಟಿ ಜಾಲ ವಿಭಾಗಕ್ಕೆ ತಲುಪಿತು.

ಹಲವು ಠಾಣೆಗಳಿದ್ದರೆ ಸಾಕೆಂಬ ಭರವಸೆಗೂ ಮಿತಿಯುಂಟು. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳು ಸುಮಾರು ಆರು ಗಂಟೆ ಸ್ತಬ್ಧವಾದದ್ದು ಓದುಗರಿಗೆ ನೆನಪಿರಬಹುದು. ದುರಸ್ತಿಯ ವೇಳೆ ತಪ್ಪಿ ಕೊಟ್ಟ ಒಂದು ಆದೇಶ ಅವರ ಮುಖ್ಯ ಜಾಲವನ್ನೇ ಕಡಿದುಹಾಕಿತು. ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಅವರ ಯಂತ್ರಗಳು, ಕೇಂದ್ರದ ಸಂಪರ್ಕ ಕಡಿದರೆ ತಾವು ಅಸ್ವಸ್ಥವೆಂದು ಬಗೆದು ಪ್ರಕಟಣೆಯನ್ನು ಹಿಂಪಡೆಯುವಂತೆ ರೂಪಿತವಾಗಿದ್ದವು. ಒಂದು ಠಾಣೆ ಹಾಗೆ ಹಿಂದೆ ಸರಿದರೆ ಉಳಿದವು ಹೊರೆ ಹೊರುತ್ತವೆ. ಅಂದು ಎಲ್ಲವೂ ಒಟ್ಟಿಗೆ ಸರಿದವು. ನಮ್ಮ ಎರಡು ತಂತಿಗಳೂ ಒಂದೇ ಕಂಬದ ಮೇಲೆ ಬಂದಿದ್ದರೆ ಗತಿ ಇದೇ ಅಲ್ಲವೆ?

ತಿಂಗಳಿಗೆ ಸಾವಿರ ರೂಪಾಯಿ ಕೊಡುವ ಒಬ್ಬ ಗ್ರಾಹಕನಿಗಾಗಿ ಯಾವ ಸೇವಾದಾರನೂ ದಾರಿ ಬದಲಿಸಲಾರ. ಅದನ್ನು ತಪ್ಪೆನ್ನಲೂ ಆಗದು. ಆದರೆ ಒಂದು ಕೈಗಾರಿಕಾ ಪ್ರದೇಶದ ಇನ್ನೂರು ಘಟಕಗಳು ಒಟ್ಟಾಗಿ ಕೇಳಿದರೆ ಮಾತು ಬೇರೆ. ದೇಶದೊಳಗಿನ ಸಂಚಾರ ವಿದೇಶ ಸುತ್ತಿ ಬರಬಾರದೆಂಬ ಉದ್ದೇಶದಿಂದಲೇ 2003ರಲ್ಲಿ ನಿಕ್ಸಿ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಮುಂಬಯಿ, ಬೆಂಗಳೂರುಗಳಲ್ಲಿ ಅದರ ವಿನಿಮಯ ಕೇಂದ್ರಗಳಿವೆ. ಅಂತಹ ಕೇಂದ್ರಗಳಲ್ಲಿ ತಾವು ಸಂಚಾರ ವಿನಿಮಯ ಮಾಡಿಕೊಳ್ಳುತ್ತೀರಾ, ನಮ್ಮ ಎರಡು ತಂತಿಗಳು ಎಲ್ಲಿಯವರೆಗೆ ಪ್ರತ್ಯೇಕವಾಗಿ ಸಾಗುತ್ತವೆ, ದಾರಿಯ ದೋಷದ ದೂರಿಗೆ ಜಾಲ ವಿಭಾಗದಿಂದ ಎಷ್ಟು ದಿನಗಳಲ್ಲಿ ಲಿಖಿತ ಉತ್ತರ ದೊರೆಯುತ್ತದೆ ಎಂಬ ಪ್ರಶ್ನೆಗಳಿಗೆ ಒಪ್ಪಂದದಲ್ಲಿಯೇ ಉತ್ತರವಿರಬೇಕು.

ಈ ಮೂರು ಷರತ್ತುಗಳ ಕರಡನ್ನು ಸಂಸ್ಥೆಯೇ ಸಿದ್ಧಪಡಿಸಿ, ಸದಸ್ಯರ ಪರವಾಗಿ ಸೇವಾದಾರರನ್ನು ಸಭೆಗೆ ಕರೆಯಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ನನ್ನ ಬಳಿಯಿರುವ ಅಂಕಿಗಳ ಪುಸ್ತಕವನ್ನು ಆ ದಿನ ಜೊತೆಗೆ ತರುತ್ತೇನೆ. ಇದೇ ಬಗೆಯ ತೊಂದರೆ ಅನುಭವಿಸಿದ ಇತರ ಸದಸ್ಯರೂ ತಮ್ಮ ಟಿಪ್ಪಣಿಗಳನ್ನು ತಂದರೆ ಒಳಿತು.